ವರ್ಡೆಲ್ ಅತ್ತೆಯ ಕೂಗು

ತನ್ನ ಪ್ರಬಂಧದ ಎರಡು ಸಾಲು ಓದುವಷ್ಟರಲ್ಲೇ ಜೆರೂಷಾಳ ಓದು ನಿಂತುಹೋಯಿತು. ಕಪ್ಪು ಜನರ ಕಲೋತ್ಸವಕ್ಕೆ ವಿಶ್ವವಿದ್ಯಾಲಯದ ಸಭಾಂಗಣ ಕಿಕ್ಕಿರಿದಿತ್ತು. ಇದೇ ಊರಿನಲ್ಲಿ ಕಂಡವರ ಮನೆಯ ಬಟ್ಟೆ ಒಗೆಯುತ್ತ ಹೆಂಗಸರು ಕಟ್ಟಿದ ಹಾಡುಗಳೇ ಅವಳ ಸಂಶೋಧನೆ. ಅವಳ ಮುತ್ತಜ್ಜಿಯೂ ಅವರಲ್ಲೊಬ್ಬಳು. ಜೆರೂಷಾ ಹಾಳೆಗಳನ್ನು ಹಿಂದೆಮುಂದೆ ತಿರುವುವುದನ್ನು ಕಂಡು ಮುಂದಿನ ಸಾಲಿನ ಪ್ರಾಧ್ಯಾಪಕರು ಮುಜುಗರದಿಂದ ನೆಲ ನೋಡತೊಡಗಿದರು.

“ನಿಧಾನ ಕಣೇ ಮಗಳೇ, ನಿಧಾನ!” ಹಿಂದಿನಿಂದ ವರ್ಡೆಲ್ ಅತ್ತೆ ಕೂಗಿದಳು. ಚರ್ಚಿನಲ್ಲಿ ಹಾಡುವವರು ತಡವರಿಸಿದಾಗಲೂ ಅವಳು ಹೀಗೆಯೇ ಕೂಗುವುದು.

“ನಾವೆಲ್ಲೂ ಹೋಗಲ್ಲಮ್ಮ!” ಪಕ್ಕದಲ್ಲಿದ್ದ ಕ್ಷೌರದಂಗಡಿಯ ಲೆಮ್ಯುಯೆಲ್ ದನಿಗೂಡಿಸಿದ. “ಹೊರಗೆ ಊಟಕ್ಕಿಟ್ಟ ಕರಿದ ಮೀನು ಆರಿ ಹೋಗ್ತಿದೆ, ಆದ್ರೂ ಹೋಗಲ್ಲ!”

ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಜೆರೂಷಾಳಿಗೂ ನಗು ಬಂತು. ಅವಳು ಹಾಳೆಗಳನ್ನು ಬದಿಗಿಟ್ಟು ಮುತ್ತಜ್ಜಿಯ ಹಾಡೊಂದನ್ನು ಎತ್ತಿಕೊಂಡಳು. ಅವಳ ಕೇರಿಯಿಂದ ಬಂದಿದ್ದ ಅಜ್ಜಿಯರು ಎದ್ದು ನಿಂತು ಚಪ್ಪಾಳೆಯಲ್ಲೇ ತಾಳ ಹಾಕಿದರು.

ಹಾಡು ಮುಗಿದಾಗ ವರ್ಡೆಲ್ ಅತ್ತೆ, “ಹ್ಞೂಂ, ಈಗ ಓದು ನೋಡೋಣ, ಆ ನಿನ್ನ ದೊಡ್ಡ ದೊಡ್ಡ ಮಾತುಗಳನ್ನ!” ಎಂದಳು.

ಜೆರೂಷಾ ಓದಿದಳು. ಒಂದೊಂದು ವಾಕ್ಯಕ್ಕೂ ಸಭೆ “ಹೌದಮ್ಮ!” ಎನ್ನುತ್ತಿತ್ತು. ಕೊನೆಕೊನೆಗೆ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ಮುಂದಿನ ಸಾಲಿನ ಪ್ರಾಧ್ಯಾಪಕರು.