ಪುಕ್ಕಟೆ ಜಾಗದ ಸೋಬಾನೆ

"ಅಳಿಸಿಬಿಡು, ರವೀಂದ್ರ," ಎಂದರು ಲಕ್ಷ್ಮೀನರಸಿಂಹ ಮೇಷ್ಟ್ರು.

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಎದುರು ಹೊಸದಾಗಿ ತೆರೆದ ಸೈಬರ್ ಸೆಂಟರಿನಲ್ಲಿ ಅವರು ಪರದೆಯಿಂದ ಮುಖ ತಿರುಗಿಸಿ ಕುಳಿತಿದ್ದರು. ಊರಿನ ಹಾಡುಗಾರ್ತಿ ಮುದುಕಿ ಬೆಟ್ಟಮ್ಮನ ಬಾಯಲ್ಲಷ್ಟೇ ಉಳಿದಿದ್ದ ಮದುವೆಮನೆಯ ಸೋಬಾನೆ ಪದಗಳನ್ನು ಮಳೆಗಾಲವಿಡೀ ಬರೆದುಕೊಂಡು, ಅಂತರ್ಜಾಲದ ಪುಕ್ಕಟೆ ಪುಟವೊಂದಕ್ಕೆ ಏರಿಸಿದ್ದರು. ಇಂದು ಅದನ್ನು ಆಕೆಗೆ ತೋರಿಸಲೆಂದು ಕರೆತಂದರೆ, ಹೆಣ್ಣೊಪ್ಪಿಸುವ ಪದದ ನೆತ್ತಿಯ ಮೇಲೆ ಬಣ್ಣದ ಪಟ್ಟಿಯೊಂದು ಮಿನುಗುತ್ತಿತ್ತು. ಅದರಲ್ಲಿ ಬಳುಕುವ ಯುವತಿಯೊಬ್ಬಳು ತೂಕ ಇಳಿಸುವ ಮಾತ್ರೆಯ ಡಬ್ಬಿ ಹಿಡಿದು ನಗುತ್ತಿದ್ದಳು.

"ಏನ್ ಮಾಡೋದು ಸಾರ್," ಎಂದ ಸೆಂಟರಿನ ಮಾಲೀಕ ರವೀಂದ್ರ. "ಜಾಗ ಬಿಟ್ಟಿ ಕೊಡೋ ಕಂಪನಿಗೂ ಖರ್ಚಿರುತ್ತಲ್ಲ, ಅದನ್ನ ಈ ಜಾಹೀರಾತಿನೋರು ತುಂಬಿಕೊಡ್ತಾರೆ. ಬೇಡ ಅಂದ್ರೆ ನಾವೇ ಡಾಲರಲ್ಲಿ ಕಟ್ಬೇಕು."

"ಹಾಗಾದರೆ ಪುಟವೇ ಬೇಡ. ತವರಿನ ಕಣ್ಣೀರನ್ನು ಸಂತೆಯಲ್ಲಿ ಹರಡಿದ ಹಾಗಾಯಿತು."

ಕುರ್ಚಿಯ ಅಂಚಿನಲ್ಲಿ ಮುದುಡಿ ಕುಳಿತಿದ್ದ ಬೆಟ್ಟಮ್ಮ ಪರದೆಯತ್ತ ಬಾಗಿದಳು. "ಇವ್ಳ್ಯಾರು ಮೇಷ್ಟ್ರೇ, ಮದ್ವಣಗಿತ್ತಿನಾ?"

"ಅಲ್ಲ. ಸಣ್ಣಗಾಗೋ ಮಾತ್ರೆ ಮಾರೋಳು."

ಆಕೆ ತನ್ನ ಒಣಗಿದ ತೋಳನ್ನೊಮ್ಮೆ ನೋಡಿಕೊಂಡಳು. "ನಂಗಂತೂ ಬ್ಯಾಡ ಕಣವ್ವ," ಎಂದು ಆ ಯುವತಿಗೇ ಹೇಳಿ, ಬಳಿಕ ದನಿ ತಗ್ಗಿಸಿದಳು. "ಅಳಿಸ್ಬುಟ್ರೆ ಪದ ಎಲ್ಲಿಗೋಯ್ತದೆ ಮೇಷ್ಟ್ರೇ? ಸೊಸೇರು ಕಲೀನಿಲ್ಲ. ನಂಗೂ ಮರೆವು ಬತ್ತಾ ಅದೆ."

ಮೇಷ್ಟ್ರು ಬಾಗಿಲಾಚೆಯ ಬಸ್ಸುಗಳತ್ತ ನೋಡಿದರು.

"ತೀರ್ಕಂಡ ನಿಮ್ಮನೆ ಅಮ್ಮಾವ್ರ ನೆಪ್ಪಿಗೆ ಅಂತ ಗುಡೀಲಿ ಟೂಬ್‌ಲೈಟ್ ಆಕ್ಸಿದ್ರಲ್ಲ ನೀವು. ಅದ್ರ ಮೈತುಂಬ ಕರೀ ಬಣ್ಣದಲ್ಲಿ ಅಮ್ಮಾವ್ರೆಸ್ರು, ನಿಮ್ಮೆಸ್ರು. ಅರ್ಧ ಬೆಳಕ ನೀವಿಬ್ರೇ ತಿಂದ್ಕಂಡಿದ್ದೀರಿ. ಮಿಕ್ಕಿದ್ರಲ್ಲೇ ನಾವು ಪದ ಏಳ್ತಿಲ್ವಾ?"

ರವೀಂದ್ರ ನಗೆಯನ್ನು ಕೆಮ್ಮಿನಲ್ಲಿ ಅಡಗಿಸಿದ. ಮೇಷ್ಟ್ರು ಅಷ್ಟೂ ಮಾಡಲಾಗದೆ ನಕ್ಕೇಬಿಟ್ಟರು. ಹೆಂಡತಿ ಹೋದ ಮೇಲೆ ತಾವು ಹೀಗೆ ಬಾಯ್ತುಂಬ ನಕ್ಕದ್ದು ಅವರಿಗೆ ನೆನಪಿರಲಿಲ್ಲ. ಕನ್ನಡಕ ಒರೆಸಿಕೊಂಡು ಕುರ್ಚಿಯನ್ನು ಮತ್ತೆ ಪರದೆಯ ಕಡೆಗೆ ಎಳೆದುಕೊಂಡರು.

"ಇರಲಿ ಬಿಡಪ್ಪ. ಆ ಪದದ ಕೊನೆಯ ನುಡಿ ಇನ್ನೂ ಬರೆದುಕೊಂಡಿಲ್ಲ. ಹೇಳಮ್ಮ, ಬೆಟ್ಟಮ್ಮ."

ಆಕೆ ಸೆರಗು ಹೊದ್ದು ಸಣ್ಣ ದನಿಯಲ್ಲಿ ಎತ್ತಿಕೊಂಡಳು. ಪರದೆಯ ಮೇಲೆ ಮಾತ್ರೆಯ ಯುವತಿ ಅಳಿಸಿಹೋಗಿ ಅಲ್ಲಿಗೊಂದು ಬಿಳಿಯ ಹಡಗು ಬಂತು, ಹಡಗು ಹೋಗಿ ಕೈಗಡಿಯಾರ ಬಂತು. ಕೆಳಗಿನ ಪದದಲ್ಲಿ, ತವರು ಬಿಟ್ಟು ಹೊರಟ ಹುಡುಗಿ ಮಾತ್ರ ಇನ್ನೂ ಹೊಸ್ತಿಲ ಮೇಲೆಯೇ ನಿಂತಿದ್ದಳು.