ದುರುಗವ್ವನ ಲೋಟ

ರಕ್ತದ ಕೆಟ್ಟ ಜೀನನ್ನು ತಿದ್ದುವ ವೈರಸ್ಸನ್ನು ಆಸ್ಪತ್ರೆಯವರು ಊರಿಗೆ ಒಬ್ಬರಿಗಷ್ಟೇ ಚುಚ್ಚುತ್ತಿದ್ದರು. ಉಳಿದವರು ಅದನ್ನು ಆ ಒಬ್ಬರ ಎಂಜಲಿನಿಂದಲೇ ಪಡೆಯಬೇಕು. ಈ ಸಲ ಚೀಟಿಯಲ್ಲಿ ದುರುಗವ್ವನ ಹೆಸರು ಬಂದಿತ್ತು.

ವೈರಸ್ಸು ಮೈಯಲ್ಲಿ ಉಳಿಯುವ ಕೊನೆಯ ದಿನ, ದೇಸಾಯರ ಮನೆಯ ಪದ್ಮಕ್ಕ ಬಿಳಿಚಿದ ಮೊಮ್ಮಗಳನ್ನು ಎತ್ತಿಕೊಂಡು ದುರುಗವ್ವನ ಹೊಸ್ತಿಲಿಗೆ ಬಂದಳು. ಆ ದೇಸಾಯರ ಹಿತ್ತಿಲಲ್ಲಿ ಮೂವತ್ತು ವರ್ಷ ಚಹಾ ಕುಡಿದು, ತನಗೆಂದು ಬೇರೆ ಇಟ್ಟ ಲೋಟವನ್ನು ತಾನೇ ತೊಳೆದು ಬೋರಲು ಹಾಕಿ ಬಂದವಳು ದುರುಗವ್ವ.

ಅವಳು ಅರ್ಧ ಲೋಟ ಹಾಲು ಕುಡಿದು ಉಳಿದದ್ದನ್ನು ಚಾಚಿದಳು. ಪದ್ಮಕ್ಕ ರೂಢಿಯಂತೆ ಲೋಟವನ್ನು ಮಗುವಿನ ಬಾಯಿಯ ಮೇಲೆ ಎತ್ತಿ ಹಿಡಿದಳು.

“ಎತ್ತಿ ಹೊಯ್ಯಬ್ಯಾಡ್ರಿ ಅವ್ವಾರ, ತುಟಿಗೆ ಹಚ್ಚಿ ಕುಡಿಸ್ರಿ,” ಎಂದಳು ದುರುಗವ್ವ.

ಮಗು ಗಟಗಟ ಕುಡಿಯಿತು. ಪದ್ಮಕ್ಕನ ಕಣ್ಣು ತುಂಬಿ ಬಂತು. “ನಿನಗ ಏನ ಕೊಡ್ಲಿ, ದುರುಗವ್ವಾ?”

“ಏನೂ ಬ್ಯಾಡ್ರಿ,” ದುರುಗವ್ವ ನಕ್ಕಳು. “ಲೋಟ ತೊಳದು ಬೋರಲ ಹಾಕಿ ಹೋಗ್ರಿ.”