ಮುಟ್ಟಿ ನೋಡಿದ್ರೇನ?

ಕೈ ತೊಳೆದು ಬಂದ ಡಾಕ್ಟರ್ ಶುಭದಾ ಎರಡೂ ಕೈಗಳನ್ನು ಬಿಳಿ ಕೋಟಿನ ಕಿಸೆಗಳಲ್ಲಿ ಇಳಿಬಿಟ್ಟು ನಿಂತುಬಿಟ್ಟರು. ಪರೀಕ್ಷೆಯ ಮಂಚದ ಮೇಲೆ ಮಲಗಿದ್ದ ಅಂಜನಾ ಆ ಕಿಸೆಗಳನ್ನೇ ನೋಡಿದಳು. ಇಲ್ಲಿಯೂ ಅದೇ ಆಯಿತು.

ಬಲಹೊಟ್ಟೆಯ ನೋವು ಹೇಳಿಕೊಂಡು ಮೊದಲು ಹೋಗಿದ್ದ ದವಾಖಾನೆಯಲ್ಲಿ, ಹುಟ್ಟಿದಾಗ ತಾನು ಸೋಮಲಿಂಗ, ಈಗ ಅಂಜನಾ ಎಂದು ತಿಳಿಸಿದ ಗಳಿಗೆಗೆ ಡಾಕ್ಟರರ ಕುರ್ಚಿ ಗೋಡೆಯತ್ತ ಸರಿದಿತ್ತು. ಕೆಟ್ಟ ಮಾತೊಂದೂ ಆಡಲಿಲ್ಲ ಆತ. ದೂರದಿಂದಲೇ ಗುಳಿಗೆ ಬರೆದು ಕಳಿಸಿದ್ದ. ನೋವು ಹೋಗಲಿಲ್ಲ. ಅದಕ್ಕೇ ಇಂದು ಅವ್ವ ರಂಗವ್ವ ಅವಳ ಹಣೆತುಂಬ ಬೀರಪ್ಪ ದೇವರ ಭಂಡಾರ ಬಳಿದು, "ಈ ಡಾಕ್ಟರ್ ಬಾಯಾರಾದ್ರೂ ಮುಟ್ಟಿ ನೋಡ್ಲೆಪ್ಪಾ" ಎಂದು ಆ ಅರಿಶಿನದ ಪುಡಿಯ ಮೇಲೆ ಭಾರ ಹಾಕಿ ಬಾಗಲಕೋಟೆಗೆ ಕರೆತಂದಿದ್ದಳು.

ಅಂಜನಾ ಎದ್ದು ಸೆರಗು ಸರಿಪಡಿಸಿಕೊಂಡು ಕಾಲು ಕೆಳಗಿಟ್ಟಳು.

"ಎಲ್ಲಿಗೆ ಹೊಂಟ್ರಿ ಅಂಜನಾ?"

"ಗುಳಿಗಿ ಬರದ ಕೊಡ್ರಿ, ಸಾಕು. ನಿಮಗ್ಯಾಕ ತ್ರಾಸ."

ಶುಭದಾ ಅವಳತ್ತ ತಿರುಗಿದರು. ಅವಳ ಕಣ್ಣು ತಮ್ಮ ಕಿಸೆಗಳ ಮೇಲೇ ನೆಟ್ಟಿದ್ದು ಕಂಡಿರಬೇಕು. ಕೈಗಳನ್ನು ಹೊರತೆಗೆದು, ಅಂಗೈ ಬಿಚ್ಚಿ ಹಿಡಿದರು.

"ಈ ಥಂಡ್ಯಾಗ ನಳದ ನೀರು ಬರ್ಫ ಆಗ್ಯದ. ಆ ಕೈ ಹಂಗ ಹೊಟ್ಟಿ ಮ್ಯಾಲೆ ಇಟ್ಟಿದ್ರ ನಿಮ್ಮ ಕೂಗಿಗೆ ಹೊರಗಿನ ಮಂದಿ ಓಡಿ ಹೋಗ್ತಿತ್ತು. ಸ್ವಲ್ಪ ಬೆಚ್ಚಗ ಮಾಡ್ಕೊಳ್ಳಿಕತ್ತಿದ್ದೆ. ಮಲಗ್ರಿ."

ಕೈಯ ಹಿಂಬದಿಯನ್ನು ಅವಳ ಹಣೆಗೆ ತಾಗಿಸಿ ಜ್ವರ ನೋಡಿದರು. ತಮ್ಮ ಕಣ್ಣಿಗೆ ಬಿದ್ದ ಮುಂಗೂದಲನ್ನು ಅದೇ ಕೈಯಿಂದ ಹಿಂದೆ ಸರಿಸಿಕೊಂಡರು. ಆಮೇಲೆ ಹೊಟ್ಟೆಯ ಮೇಲೆ ಅಂಗೈ ಊರಿ ಮೆಲ್ಲಗೆ ಒತ್ತುತ್ತ ಹೋದರು. ನೋಟ ಮಾತ್ರ ಅಂಜನಾಳ ಮುಖದ ಮೇಲೆ. ಅವಳ ಹುಬ್ಬು ಗಂಟಾದಲ್ಲಿ ಕೈ ನಿಂತಿತು.

"ಇಲ್ಲೇ ಏನು?"

ಅಂಜನಾ ತಲೆಯಾಡಿಸಿದಳು.

"ಪಿತ್ತಕೋಶದಾಗ ಕಲ್ಲ ಇರಬಹುದು. ಸ್ಕ್ಯಾನ್ ಮಾಡಿಸೋಣು. ಅಂಜುವಂಥಾದ್ದೇನಿಲ್ಲ."

ಕಲ್ಲಿನ ಮಾತು ಕೇಳಿ ಯಾರಿಗಾದರೂ ಹಗುರವಾಗುವುದುಂಟೇ? ಅಂಜನಾಳಿಗೆ ಆಯಿತು. ಕಣ್ಣಂಚಿನ ನೀರು ಕಿವಿಯತ್ತ ಇಳಿಯಿತು.

ಹೊರಗೆ ರಂಗವ್ವ ಬಾಗಿಲಿಗೇ ಆತು ನಿಂತಿದ್ದಳು. "ಮುಟ್ಟಿ ನೋಡಿದ್ರೇನಬೇ?"

"ಅವರ ಹಣಿ ನೋಡಬೇ ಯವ್ವಾ."

ರಂಗವ್ವ ಬಾಗಿಲ ಸಂದಿಯಿಂದ ಇಣುಕಿದಳು. ಮುಂದಿನವರನ್ನು ಕರೆಯುತ್ತಿದ್ದ ಡಾಕ್ಟರ್ ಬಾಯಾರ ಹಣೆಯ ಮೇಲೆ, ಕುಂಕುಮದ ಮಗ್ಗುಲಿಗೇ, ಅವರಿಗೇ ಗೊತ್ತಿಲ್ಲದ ಒಂದೆಳೆ ಭಂಡಾರ.